ಮಗ್ಗದ ಮನೆಯ ಪಾದ: ಅಳತೆ ಕೊಟ್ಟು ಮಾಡಿಸಿದ ಇನ್ಸೋಲ್ ಇದ್ದರೂ ಹುಣ್ಣು ಮರಳಿ ಬಂದ ಒಂದು ಪ್ರಕರಣ

ಸಕ್ಕರೆ ಕಾಯಿಲೆ ಇರುವವರ ಪಾದದ ಅಚ್ಚು ತೆಗೆದು ಇನ್ಸೋಲ್, ಅಂದರೆ ಚಪ್ಪಲಿಯೊಳಗೆ ಅಂಗಾಲಿನ ಕೆಳಗೆ ಕೂರುವ ಮೆತ್ತೆ, ಮಾಡಿಕೊಡುವುದು ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ಒಬ್ಬರ ಪಾದದ ಬಗ್ಗೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಎಂದು ಊರು, ವಯಸ್ಸು, ಮನೆಯವರ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಅವರನ್ನು ಕಾಕಾ ಎಂದೇ ಕರೆಯುತ್ತೇನೆ, ಕ್ಲಿನಿಕ್‌ನಲ್ಲಿ ನಾವೆಲ್ಲ ಹಾಗೇ ಕರೆಯುವುದು.

ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಇನ್ಸೋಲ್ ವಿಷಯ ಬಂದರೆ ಯಾವ ವಸ್ತು, ಎಷ್ಟು ದಪ್ಪ, ಕಂಪ್ಯೂಟರ್‌ನಲ್ಲಿ ಅಳತೆ ತೆಗೀತೀರಾ, ಎಷ್ಟು ಖರ್ಚು ಎಂದು ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. ಆದರೆ ದಿನದಲ್ಲಿ ಎಷ್ಟು ಹೊತ್ತು ಅದು ನಿಜವಾಗಿ ಕಾಲಿನ ಕೆಳಗೆ ಇರುತ್ತದೆ ಎಂದು ಕೇಳುವವರು ಕಡಿಮೆ. ಹೊಸಿಲ ಹೊರಗೇ ಚಪ್ಪಲಿ ಬಿಡುವ ನಮ್ಮಂಥವರಿಗೆ ಈ ಪ್ರಶ್ನೆಯೇ ಮೊದಲು ಬರಬೇಕು.

ಕಾಕಾ ಮತ್ತು ಅವರ ಕಾಲು

ಕಾಕಾ ಬಾಗಲಕೋಟೆ ಕಡೆಯ ಒಂದು ನೇಕಾರರ ಊರಿನವರು. ವಯಸ್ಸು ಐವತ್ತರ ಮೇಲೆ. ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಪವರ್‌ಲೂಮ್‌ಗಳಿವೆ. ಗಂಡ, ಹೆಂಡತಿ, ಮಗ ಮೂವರೂ ದುಡಿಯುತ್ತಾರೆ. ಬೆಳಗ್ಗೆ ಮಗ್ಗ ಶುರುವಾದರೆ ರಾತ್ರಿವರೆಗೆ ನಿಂತೇ ಕೆಲಸ. ಲಾಳಿಯಲ್ಲಿ ಕಂಡಿಕೆ (ನೂಲು ಸುತ್ತಿದ ಕೊಳವೆ) ಮುಗಿದರೆ ಬದಲಿಸಬೇಕು, ಹಾಸಿನ ಎಳೆ ಹರಿದರೆ ಮಗ್ಗ ನಿಲ್ಲಿಸಿ, ಮುಂದಕ್ಕೆ ಬಾಗಿ, ಹರಿದ ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯಲ್ಲಿ (ಎಳೆಗಳು ಹಾದುಹೋಗುವ ಬಾಚಣಿಗೆಯಂಥ ಭಾಗ) ಪೋಣಿಸಿ ಮತ್ತೆ ಚಾಲೂ ಮಾಡಬೇಕು. ಕೂರುವುದು ಕರೆಂಟ್ ಹೋದಾಗ ಮಾತ್ರ. ಕೆಳಗೆ ಫರಸಿ ಕಲ್ಲಿನ ನೆಲ.

ಸಕ್ಕರೆ ಕಾಯಿಲೆ ಬಂದು 10 ವರ್ಷ ದಾಟಿತ್ತು. ಮಾತ್ರೆ ತಗೋತಿದ್ದರು, ಆದರೆ ಹೋದಾಗೊಮ್ಮೆ ಬಂದಾಗೊಮ್ಮೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9ರ ಮೇಲಿತ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಹುಣ್ಣಾಗಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಹಾಸಿಗೆಯ ಮೇಲೆ ಕಲೆ ಕಂಡು ಹೆಂಡತಿ ಕಾಲು ಎತ್ತಿ ನೋಡಿದಾಗ ಗೊತ್ತಾಯಿತು. ಅರಿಶಿನ ಹಚ್ಚಿದರು, ಔಷಧಿ ಅಂಗಡಿಯಿಂದ ಮುಲಾಮು ತಂದರು. ಕೆಲವು ವಾರ ಹೀಗೇ ಹೋಯಿತು. ನೋವಿಲ್ಲವಲ್ಲ, ಕೆಲಸ ನಿಲ್ಲಿಸಲಿಲ್ಲ.

ನಮ್ಮಲ್ಲಿಗೆ ಬಂದಾಗ ಮೊದಲು ನೋಡಿದ್ದು ಸ್ಪರ್ಶ. ಇದಕ್ಕೆ ಒಂದು ನೈಲಾನ್ ಎಳೆ ಇರುತ್ತದೆ, ಮೋನೋಫಿಲಮೆಂಟ್ ಅಂತಾರೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಬಲಕ್ಕೆ ಅದು ಬಾಗುತ್ತದೆ. ಕಣ್ಣು ಮುಚ್ಚಿಸಿ ಅಂಗಾಲಿನ ಬೇರೆ ಬೇರೆ ಜಾಗದಲ್ಲಿ ಮುಟ್ಟಿಸಿ, ಗೊತ್ತಾದಾಗ ಹೇಳಿ ಎಂದು ಕೇಳುವುದು. ಕಾಕಾ ಎರಡೂ ಪಾದದ ಮುಂಭಾಗದಲ್ಲಿ ಸುಮ್ಮನೇ ಇದ್ದರು. ಕೊನೆಗೆ ಕಣ್ಣು ಮುಚ್ಚಿಕೊಂಡೇ “ಶುರು ಮಾಡ್ರಲಾ” ಎಂದರು. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು.

ರಕ್ತದ ಓಡಾಟ ಚೆನ್ನಾಗಿತ್ತು, ಪಾದದ ನಾಡಿ ಕೈಗೆ ಸಿಗುತ್ತಿತ್ತು. ಹುಣ್ಣಿನೊಳಗೆ ಕಡ್ಡಿ ಇಟ್ಟು ನೋಡಿದಾಗ ಮೂಳೆ ತಾಗಲಿಲ್ಲ, ಎಕ್ಸ್‌ರೇಯಲ್ಲೂ ಮೂಳೆಗೆ ಸೋಂಕು ಕಾಣಲಿಲ್ಲ. ಇವು ಒಳ್ಳೆ ಸುದ್ದಿ. ಕೆಟ್ಟ ಸುದ್ದಿ ಎರಡಿತ್ತು. ಹೆಬ್ಬೆರಳು ಮೇಲಕ್ಕೆ ಸರಿಯಾಗಿ ಮಡಿಯುತ್ತಿರಲಿಲ್ಲ. ಮೀನಖಂಡ ಬಿಗಿಯಾಗಿತ್ತು, ಮಂಡಿ ನೇರ ಇಟ್ಟರೆ ಪಾದ ಮೇಲಕ್ಕೆ ಬರುತ್ತಲೇ ಇರಲಿಲ್ಲ. ಇವೆರಡೂ ಸೇರಿದರೆ ಪ್ರತಿ ಹೆಜ್ಜೆಯ ಕೊನೆಗೆ ಮೈಭಾರವೆಲ್ಲ ಹೆಬ್ಬೆರಳ ಬುಡದ ಮೇಲೆ ಬೀಳುತ್ತದೆ. ಭಾರ ಬಿದ್ದ ಕಡೆ ಚರ್ಮ ಜಡ್ಡುಗಟ್ಟುತ್ತದೆ. ಆ ಜಡ್ಡೇ ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನ ಹಾಗೆ ಇನ್ನಷ್ಟು ಒತ್ತುತ್ತದೆ. ಅದರ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ, ಒಳಗಿನಿಂದ ಒಡೆದು ಹುಣ್ಣಾಗುತ್ತದೆ. ಸ್ಪರ್ಶ ಇದ್ದವರು ಇಷ್ಟು ಹೊತ್ತಿಗೆ ಕುಂಟುತ್ತಿದ್ದರು, ಕಾಲಿಗೆ ತಾನಾಗಿ ವಿಶ್ರಾಂತಿ ಸಿಗುತ್ತಿತ್ತು. ಕಾಕಾ ಕುಂಟಲೇ ಇಲ್ಲ.

ಈ ತಿಳಿವಳಿಕೆಗೆ ನಮ್ಮ ಪಕ್ಕದ ವೆಲ್ಲೂರಿನ ಋಣ ದೊಡ್ಡದು. 1946ರಲ್ಲಿ ಅಲ್ಲಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದ ನೋಡುತ್ತಾ ನೋಡುತ್ತಾ, ಈ ಹುಣ್ಣು ರೋಗದಿಂದ ಮಾಂಸ ಕೊಳೆತು ಬರುವುದಲ್ಲ, ನೋವು ಗೊತ್ತಾಗದೆ ಅದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಡ ಬಿದ್ದು ಬರುವುದು ಎಂದು ತೋರಿಸಿಕೊಟ್ಟರು. ಆ ರೋಗಿಗಳಿಗಾಗಿ ಅಲ್ಲಿ ಬಳಕೆಗೆ ತಂದ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್, ನಾವು ಎಂಸಿಆರ್ ಎನ್ನುವುದು, ಇವತ್ತಿಗೂ ನಮ್ಮ ಟೇಬಲ್ ಮೇಲಿದೆ. ಕಾಕಾನಿಗೆ ಮಾಡಿದ್ದೂ ಅದರಿಂದಲೇ.

ಮೊದಲು ಗಾಯ ಮಾಯಬೇಕು

ತೆರೆದ ಹುಣ್ಣಿಗೆ ಇನ್ಸೋಲ್ ಮದ್ದಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಹುಣ್ಣಿನ ಮೇಲೆ ಬ್ಯಾಂಡೇಜ್ ಸುತ್ತಿಕೊಂಡು “ಒಂದು ಮೆತ್ತಗಿನ ಚಪ್ಪಲಿ ಮಾಡಿಕೊಡಿ” ಎಂದು ಬರುವವರು ಜಾಸ್ತಿ. ಮೊದಲು ಭಾರ ಪೂರ್ತಿ ಇಳಿಸಬೇಕು. ಅದಕ್ಕೆ ಒಳ್ಳೆ ದಾರಿ ಮೊಣಕಾಲ ಕೆಳಗಿನವರೆಗೆ ಮೈಗೆ ಅಂಟಿದಂತೆ ಹಾಕುವ ಪ್ಲಾಸ್ಟರ್, ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್. ಇದು ಭಾರವನ್ನು ಇಡೀ ಅಂಗಾಲಿಗೂ ಕಾಲನ್ನು ಸುತ್ತಿದ ಪ್ಲಾಸ್ಟರ್‌ನ ಗೋಡೆಗೂ ಹಂಚುತ್ತದೆ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಬಿಚ್ಚಿ ಹಾಕಬಹುದಾದ ಬೂಟು ಕೊಡಿ, ಮಗ್ಗದ ಹತ್ತಿರ ನಿಲ್ಲುವಾಗ ಬಿಚ್ಚಿಡುತ್ತೇನೆ ಎಂದು ಕಾಕಾ ಕೇಳಿದರು. ಅದೇ ಕಾರಣಕ್ಕೆ ನಮ್ಮ ಡಾಕ್ಟರ್ ಒಪ್ಪಲಿಲ್ಲ. ಬಿಚ್ಚಲು ಬರುವುದನ್ನು ಬಿಚ್ಚುತ್ತಾರೆ, ಅದು ಯಾರದೂ ತಪ್ಪಲ್ಲ, ಹೊಟ್ಟೆಪಾಡು. ಸ್ಪರ್ಶ ಇಲ್ಲದ ಅಂಗಾಲಿನ ಹುಣ್ಣಿಗೆ ಬಿಚ್ಚಲಾಗದ ಸಾಧನವೇ ಮೊದಲ ಆಯ್ಕೆ ಎಂದು ಮಧುಮೇಹಿಗಳ ಪಾದದ ಬಗ್ಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಹಾಗಾಗಿ ಪ್ಲಾಸ್ಟರ್. ವಾರಕ್ಕೊಮ್ಮೆ ಬದಲಿಸುವುದು. ಮಗ್ಗ ಹೆಂಡತಿ ಮತ್ತು ಮಗ ನೋಡಿಕೊಂಡರು. ಬಟ್ಟೆ ಕಡಿಮೆ ಬಂತು, ಕೂಲಿಯೂ ಕಡಿಮೆ ಬಂತು. ಸುಮಾರು ಎರಡು ತಿಂಗಳಿಗೆ ಹುಣ್ಣು ಮುಚ್ಚಿತು.

ಮುಚ್ಚಿದ ಹುಣ್ಣು ಗುಣವಾದ ಹುಣ್ಣಲ್ಲ. ಹೊಸ ಚರ್ಮ ತೆಳ್ಳಗಿರುತ್ತದೆ, ಕೆಳಗಿನ ಮೂಳೆ ಇದ್ದಲ್ಲೇ ಇರುತ್ತದೆ, ಬೆರಳು ಮಡಿಯದಿರುವುದೂ ಹಾಗೇ. ಮಾಯ್ದ ಮೇಲೆ ಒಂದು ವರ್ಷದೊಳಗೆ 100ರಲ್ಲಿ ಸುಮಾರು 40 ಜನರಿಗೆ ಹುಣ್ಣು ಮರಳುತ್ತದೆ. ನಮ್ಮ ಇನ್ಸೋಲ್ ಕೆಲಸ ಶುರುವಾಗುವುದು ಇಲ್ಲಿಂದ.

ಇನ್ಸೋಲ್ ಹೇಗೆ ಮಾಡಿದೆವು

ಮೊದಲು ಹ್ಯಾರಿಸ್ ಮ್ಯಾಟ್ ಮೇಲೆ ನಡೆಸಿದೆವು. ಇದು ಬೇರೆ ಬೇರೆ ಎತ್ತರದ ಗೆರೆಗಳಿರುವ ರಬ್ಬರ್ ಹಾಳೆ. ಶಾಯಿ ಸವರಿ, ಮೇಲೆ ಕಾಗದ ಇಟ್ಟು, ಅದರ ಮೇಲೆ ಹೆಜ್ಜೆ ಹಾಕಿಸಿದರೆ ಒತ್ತಡ ಜಾಸ್ತಿ ಇರುವ ಕಡೆ ಕಪ್ಪಾಗುತ್ತದೆ. ದುಬಾರಿ ಸೆನ್ಸರ್ ಇಲ್ಲದ ಊರಿನಲ್ಲೂ ಇದು ನಡೆಯುತ್ತದೆ. ಕಾಕಾನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ದೊಡ್ಡ ಕಪ್ಪು ಚುಕ್ಕೆ ಬಂತು, ಗೆರೆಗಳೇ ಕಾಣದಷ್ಟು ಕಪ್ಪು. ಎಡಗಾಲಿನಲ್ಲೂ ಅದೇ ಜಾಗದಲ್ಲಿ ಕಪ್ಪಿತ್ತು, ಸ್ವಲ್ಪ ಕಡಿಮೆ.

ಆಮೇಲೆ ಫೋಮ್ ಪೆಟ್ಟಿಗೆಯಲ್ಲಿ ಪಾದ ಒತ್ತಿಸಿ ಅಚ್ಚು ತೆಗೆದೆವು. ಆ ಗುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ಪಾದದ ಪ್ರತಿರೂಪ ಬರುತ್ತದೆ. ಅದನ್ನು ಕೆರೆದು, ಬೇಕಾದ ಕಡೆ ತುಂಬಿ, ಅದರ ಮೇಲೆ ಬಿಸಿ ಮಾಡಿದ ಹಾಳೆಗಳನ್ನು ಒತ್ತಿ ಕೂರಿಸುವುದು. ಕೆಳಗೆ ಇವಿಎ ಎಂಬ ಸ್ವಲ್ಪ ಗಟ್ಟಿ ಫೋಮ್, ಆಕಾರ ಹಿಡಿದಿಡಲು. ಮೇಲೆ 15 ಶೋರ್ ಗಡಸುತನದ ಎಂಸಿಆರ್, ಬೆರಳಿಂದ ಒತ್ತಿದರೆ ಒಳಗೆ ಹೋಗಿ ವಾಪಸ್ ಬರುವಷ್ಟು ಮೆತ್ತಗೆ. ಹುಣ್ಣಿದ್ದ ಜಾಗದ ಕೆಳಗೆ ಗಟ್ಟಿ ಪದರ ಕತ್ತರಿಸಿ ತೆಗೆದು ಇನ್ನೂ ಮೆತ್ತನೆಯದನ್ನು ತುಂಬಿದೆವು. ಮುಖ್ಯವಾದದ್ದು ಅದರ ಹಿಂದಿನ ದಿಂಡು, ಮೆಟಟಾರ್ಸಲ್ ಬಾರ್. ಇದು ಬೆರಳ ಬುಡದ ಮೂಳೆಗಳ ತಲೆಯ ಸ್ವಲ್ಪ ಹಿಂದೆ ಕೂರಬೇಕು. ಆಗ ಭಾರದ ಒಂದು ಪಾಲನ್ನು ಅದು ಹೊರುತ್ತದೆ. ಒಂದಿಷ್ಟು ಮುಂದೆ ಹೋದರೆ ಯಾವ ಮೂಳೆಯನ್ನು ಕಾಪಾಡಬೇಕೋ ಅದನ್ನೇ ಒತ್ತುತ್ತದೆ. ಅದಕ್ಕೇ ಕಾಕಾನ ಅಂಗಾಲಿಗೆ ಲಿಪ್‌ಸ್ಟಿಕ್ ಹಚ್ಚಿ, ಮೂಳೆ ಎಲ್ಲಿದೆ ಎಂದು ಗುರುತು ಮಾಡಿ, ಹೆಜ್ಜೆ ಇಡಿಸಿ, ಇನ್ಸೋಲ್ ಮೇಲೆ ಮೂಡಿದ ಗುರುತು ನೋಡಿ ದಿಂಡಿನ ಜಾಗ ಖಚಿತ ಮಾಡಿಕೊಂಡೆವು.

ಇಷ್ಟು ದಪ್ಪದ ಇನ್ಸೋಲ್ ಅಂಗಡಿಯ ಚಪ್ಪಲಿಯೊಳಗೆ ಹಿಡಿಯುವುದಿಲ್ಲ. ತುರುಕಿದರೆ ಮೇಲಿನ ಪಟ್ಟಿ ಬೆರಳನ್ನು ಉಜ್ಜಿ ಹೊಸ ಗಾಯ ಮಾಡುತ್ತದೆ. ಆದ್ದರಿಂದ ಆಳ ಇರುವ, ಹಿಂದೆ ಪಟ್ಟಿ ಇರುವ, ವೆಲ್ಕ್ರೋ ಹಾಕಿದ ಸ್ಯಾಂಡಲ್ ಮಾಡಿಸಿದೆವು. ಅಡಿಯನ್ನು ಗಟ್ಟಿಯಾಗಿ, ಮುಂದೆ ಮೇಲಕ್ಕೆ ಬಾಗಿದಂತೆ ಮಾಡಿದ್ದು, ಹೆಬ್ಬೆರಳು ಮಡಿಯದಿದ್ದರೂ ಕಾಲು ಉರುಳಿಕೊಂಡು ಮುಂದೆ ಹೋಗಲಿ ಎಂದು. ಮತ್ತೆ ಮ್ಯಾಟ್‌ನ ಶಾಯಿ ಗುರುತು ನೋಡಿ, ಕಾಲಿನ ಚರ್ಮ ಕೆಂಪಾಗಿದೆಯಾ ನೋಡಿ, ಮೊದಲ ದಿನ ಒಂದೆರಡು ಗಂಟೆ, ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ ಎಂದು ಹೇಳಿ ಕಳಿಸಿದೆವು. ಕಾಕಾ ತಿಂಗಳಿಗೊಮ್ಮೆ ಬಂದರು. “ಹಾಕ್ಕೋತೀರಾ ಕಾಕಾ?” ಎಂದರೆ “ದಿನಾ ಹಾಕ್ಕೋತೀನ್ರಿ” ಎಂದರು. ಅದು ನಿಜವೇ ಆಗಿತ್ತು.

ನಡುವೆ ಒಂದು ಮಾತು. ಎಲ್ಲ ಪಾದಕ್ಕೂ ಇಂಥ ಇನ್ಸೋಲ್ ಬೇಕಿಲ್ಲ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ನೋಯುವವರು ನಮ್ಮ ಬಳಿ ಬಹಳ ಜನ ಬರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಸಾಧಾರಣ ಬೆಲೆಯ ರೆಡಿಮೇಡ್ ಇನ್ಸೋಲ್, ಮೀನಖಂಡ ಮತ್ತು ಅಂಗಾಲು ಎಳೆಯುವ ವ್ಯಾಯಾಮ ಸಾಕು. ಆ ನೋವಿನಲ್ಲಿ ಅಳತೆ ಕೊಟ್ಟು ಮಾಡಿಸಿದ್ದಕ್ಕೂ ರೆಡಿಮೇಡಿಗೂ ದೊಡ್ಡ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡಿಲ್ಲ. ನೋವಿಲ್ಲದ ಮಗುವಿನ ಚಪ್ಪಟೆ ಪಾದಕ್ಕೂ ಸಾಮಾನ್ಯವಾಗಿ ಏನೂ ಬೇಡ. ಸಾವಿರಾರು ರೂಪಾಯಿ ಕೊಡುವ ಮೊದಲು ಇದನ್ನು ಕೇಳಿಕೊಳ್ಳಬೇಕು. ಸ್ಪರ್ಶ ಹೋಗಿ, ಆಕಾರ ಕೆಟ್ಟು, ಒಮ್ಮೆ ಹುಣ್ಣಾದ ಪಾದದ ವಿಷಯವೇ ಬೇರೆ. ಅಲ್ಲಿ ಮಿಲಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ.

ಹುಣ್ಣು ಮರಳಿತು

ಮೂರು ತಿಂಗಳು ದಾಟಿದ ಮೇಲೆ ಅದೇ ಜಾಗದಲ್ಲಿ ಜಡ್ಡು ಕಟ್ಟಿ, ಅದರೊಳಗೆ ಕಂದು ಬಣ್ಣದ ಕಲೆ ಕಾಣಿಸಿತು. ಜಡ್ಡಿನಲ್ಲಿ ಕಂದು ಕಲೆ ಎಂದರೆ ಅಡಿಯಲ್ಲಿ ರಕ್ತ. ಕೆರೆದು ನೋಡಿದಾಗ ಕೆಳಗೆ ಬಾಯಿ ಬಿಟ್ಟಿತ್ತು. ಚಿಕ್ಕದೇ, ಆದರೆ ಹುಣ್ಣೇ.

ಏನು ಮಾಡೋಣ ಎಂದು ಕೂತು ಮಾತಾಡಿದೆವು. ಇನ್ಸೋಲ್ ಮೆತ್ತಗಾಗಿ ಕುಸಿದಿರಬೇಕು, ಹೊಸದು ಮಾಡೋಣ ಎಂದು ಒಂದು ಅಭಿಪ್ರಾಯ. ಮೀನಖಂಡದ ಬಿಗಿತವೇ ಮೂಲ, ಹಿಮ್ಮಡಿಯ ಸ್ನಾಯುರಜ್ಜುವನ್ನು (ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಗಟ್ಟಿ ಪಟ್ಟಿ) ಉದ್ದ ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿಬಿಡೋಣ ಎಂದು ಇನ್ನೊಂದು. ಎರಡಕ್ಕೂ ಅರ್ಥ ಇತ್ತು. ಆ ಶಸ್ತ್ರಚಿಕಿತ್ಸೆಯಿಂದ ಮುಂಭಾಗದ ಹುಣ್ಣು ಮರಳುವುದು ಕಡಿಮೆಯಾಗುತ್ತದೆ, ಆದರೆ ಜಾಸ್ತಿ ಉದ್ದವಾದರೆ ಹಿಮ್ಮಡಿಯಲ್ಲಿ ಹುಣ್ಣು ಬರಬಹುದು.

ನಾನು ಸ್ಯಾಂಡಲ್‌ನಿಂದ ಇನ್ಸೋಲ್ ಹೊರಗೆ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಮೂರು ತಿಂಗಳು ಬಳಸಿದ ಎಂಸಿಆರ್ ಹೇಗಿರುತ್ತದೆ ಎಂದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಹಿಮ್ಮಡಿಯ ಕಡೆ ನುಣುಪಾಗಿ ಮಿಂಚುತ್ತದೆ. ಪ್ರತಿ ಬೆರಳ ಗುಳಿ ಎದ್ದು ಕಾಣುತ್ತದೆ. ಬೆವರು, ಧೂಳು ಸೇರಿ ಪಾದದ ನೆರಳು ಮೂಡಿರುತ್ತದೆ. ಇದರಲ್ಲಿ ಬೆರಳ ಗುಳಿಗಳು ಇನ್ನೂ ಆಳವಾಗಿರಲಿಲ್ಲ. ಅಂಚಿನಲ್ಲಿ ನಾನು ಪೆನ್ನಿನಲ್ಲಿ ಬರೆದ ಅಳತೆ ಅಳಿಸಿರಲಿಲ್ಲ. ಸ್ಯಾಂಡಲ್‌ನ ಅಡಿ ಮಾತ್ರ ಡಾಂಬರು ರಸ್ತೆಯಲ್ಲಿ ಉಜ್ಜಿ ಒಂದಿಷ್ಟು ಸವೆದಿತ್ತು. ಬಳಸಿಲ್ಲ ಎನ್ನುವ ಹಾಗಿಲ್ಲ, ದಿನವೆಲ್ಲ ಬಳಸಿದ್ದಾರೆ ಎನ್ನುವ ಹಾಗೂ ಇಲ್ಲ.

ಕಾಕಾನ ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಬೆಳಗ್ಗೆ ಎದ್ದಲ್ಲಿಂದ ಮಲಗುವ ತನಕ ಕಾಕಾ ಏನು ಮಾಡುತ್ತಾರೆ, ಒಂದೊಂದಾಗಿ ಹೇಳಿ ಕಾಕಿ ಎಂದು ಕೇಳಿದೆ. ಹೇಳುತ್ತಾ ಹೋದರು. ಚಹಾ ಕುಡಿಯಲು ಹೊರಗೆ ಹೋಗುವಾಗ, ನೂಲು ತರಲು, ಬಟ್ಟೆ ಕೊಡಲು, ಸಂತೆಗೆ ಹೋಗುವಾಗ ಸ್ಯಾಂಡಲ್. ಮಗ್ಗದ ಹತ್ತಿರ?

“ಮಗ್ಗದ ಮನ್ಯಾಗ ಚಪ್ಪಲಿ ಯಾರ ಹಾಕ್ಕೋತಾರ್ರಿ?”

ಲೆಕ್ಕ ಸ್ಪಷ್ಟವಾಯಿತು. ಸ್ಯಾಂಡಲ್ ಕಾಲಿನಲ್ಲಿ ಇರುತ್ತಿದ್ದುದು ಎರಡು ಗಂಟೆ. ಫರಸಿ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದುದು ಹತ್ತು ಗಂಟೆ. ಕಾಕಾ ಸುಳ್ಳು ಹೇಳಿರಲಿಲ್ಲ. ದಿನಾ ಹಾಕ್ಕೊಳ್ಳುತ್ತಿದ್ದರು. ಅವರ ಪ್ರಕಾರ ಚಪ್ಪಲಿ ಹಾಕುವ ಹೊತ್ತು ಎಂದರೆ ಹೊರಗೆ ಹೋಗುವ ಹೊತ್ತು, ನಮ್ಮೆಲ್ಲರ ಮನೆಯಲ್ಲೂ ಹಾಗೇ ಅಲ್ವಾ?

ಇದು ನಮ್ಮ ಕಡೆಯವರ ಸಮಸ್ಯೆ ಮಾತ್ರವೂ ಅಲ್ಲ. ನೆದರ್ಲೆಂಡ್ಸ್‌ನಲ್ಲಿ 171 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒತ್ತಡ ಅಳೆದು ಸುಧಾರಿಸಿದ ಪಾದರಕ್ಷೆ ಕೊಟ್ಟವರಿಗೂ ಮಾಮೂಲಿ ವೈದ್ಯಕೀಯ ಪಾದರಕ್ಷೆ ಕೊಟ್ಟವರಿಗೂ 18 ತಿಂಗಳಲ್ಲಿ ಹುಣ್ಣು ಮರಳಿದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಆದರೆ ದಿನದ ಹೆಜ್ಜೆಗಳಲ್ಲಿ 100ಕ್ಕೆ 80ರಷ್ಟನ್ನು ಪಾದರಕ್ಷೆ ಹಾಕಿಕೊಂಡೇ ಇಟ್ಟವರನ್ನು ಬೇರೆ ಮಾಡಿ ನೋಡಿದಾಗ ಚಿತ್ರ ಬದಲಾಯಿತು. ಸುಧಾರಿಸಿದ್ದು ಹಾಕಿಕೊಂಡವರಲ್ಲಿ ಹುಣ್ಣು ಮರಳಿದ್ದು 25.7 ಶೇಕಡಾ, ಮಾಮೂಲಿಯದು ಹಾಕಿದವರಲ್ಲಿ 47.8. ಮನೆಯೊಳಗೆ ಶೂ ಹಾಕುವ ಅಭ್ಯಾಸ ಇರುವ ದೇಶದಲ್ಲೂ ಜನ ಇಂಥ ಪಾದರಕ್ಷೆಯನ್ನು ಹೊರಗಿಗಿಂತ ಮನೆಯಲ್ಲಿ ಕಡಿಮೆ ಹಾಕುತ್ತಾರೆ.

ಒಳಗೆ ಏನು ಹಾಕುವುದು

ಮತ್ತೆ ಪ್ಲಾಸ್ಟರ್ ಹಾಕಿದೆವು. ಹುಣ್ಣು ಚಿಕ್ಕದಿತ್ತು, ಈ ಸಲ ಬೇಗ ಮುಚ್ಚಿತು. ಅಷ್ಟರಲ್ಲಿ ದಾರಿ ಹುಡುಕಬೇಕಿತ್ತು. ಶಸ್ತ್ರಚಿಕಿತ್ಸೆಯ ಮಾತನ್ನು ಪಕ್ಕಕ್ಕಿಟ್ಟೆವು. ಇನ್ಸೋಲ್‌ಗೆ ಸರಿಯಾದ ಅವಕಾಶವೇ ಸಿಗದೆ ಅದು ಸೋತಿದೆ ಎಂದು ತೀರ್ಮಾನಿಸುವುದು ಸರಿ ಕಾಣಲಿಲ್ಲ.

ಅದೇ ಸ್ಯಾಂಡಲ್ ಒಳಗೂ ಹಾಕಿಕೊಳ್ಳಿ ಎಂದು ಡಾಕ್ಟರ್ ಹೇಳಿದರು. ಕಾಕಾ ತಲೆ ಬಗ್ಗಿಸಿದರು. “ಅದು ನಮ್ಮ ಅನ್ನ ಐತ್ರಿ. ಅದರ ಮುಂದ ಚಪ್ಪಲಿ ಹಾಕ್ಕೊಂಡು ನಿಂದರಾಕ ಆಗೂದಿಲ್ಲ.” ಇಂಥ ಮಾತಿನ ಮುಂದೆ ವಾದ ಮಾಡುವುದು ತಪ್ಪು ಎಂದು ನನ್ನ ಗಟ್ಟಿ ಅಭಿಪ್ರಾಯ. ಹೆದರಿಸಿ ಒಪ್ಪಿಸಿದರೆ ಕ್ಲಿನಿಕ್‌ನಲ್ಲಿ ಹೂಂ ಎನ್ನುತ್ತಾರೆ, ಮನೆಯಲ್ಲಿ ಬಿಚ್ಚಿಡುತ್ತಾರೆ. ಮುಂದಿನ ಸಲ ನಿಜ ಹೇಳುವುದನ್ನೂ ಬಿಡುತ್ತಾರೆ.

ದಪ್ಪ ಕಾಲುಚೀಲದೊಳಗೆ ಎಂಸಿಆರ್ ತುಂಡು ಹೊಲಿದು ಕೊಟ್ಟು ನೋಡಿದೆವು. ಇದು ಮಗನ ಸಲಹೆ. ಎರಡು ವಾರ ಕೂಡ ನಡೆಯಲಿಲ್ಲ. ಒಳಗಿನ ತುಂಡು ತಿರುಗಿ ದಿಂಡು ಪಕ್ಕಕ್ಕೆ ಹೋಗುತ್ತಿತ್ತು. ಮಗ್ಗದ ಕೋಣೆಯ ನೂಲಿನ ಧೂಳೆಲ್ಲ ಅಂಟುತ್ತಿತ್ತು. ಅಲ್ಲಲ್ಲಿ ಎಣ್ಣೆ ಬಿದ್ದ ಫರಸಿ ಮೇಲೆ ಜಾರುತ್ತಿತ್ತು. ತಿರುಗುವ ಯಂತ್ರದ ಪಕ್ಕದಲ್ಲಿ ಜಾರುವುದು ಹುಣ್ಣಿಗಿಂತ ದೊಡ್ಡ ಅಪಾಯ. ನಿಲ್ಲಿಸಿದೆವು.

ದಾರಿ ತೋರಿಸಿದ್ದು ಕಾಕಾನ ತಾಯಿ. ಎಂಬತ್ತರ ಆಸುಪಾಸಿನ ಅಜ್ಜಿ, ಕ್ಲಿನಿಕ್‌ಗೆ ಒಮ್ಮೆಯೂ ಬಂದವರಲ್ಲ. ಮನೆಯಲ್ಲಿ ಈ ಮಾತು ಎದ್ದಾಗ ಅವರು ಹೇಳಿದ್ದನ್ನು ಕಾಕಿ ಬಂದು ಹೇಳಿದರು: “ರಸ್ತೆ ತುಳದದ್ದು ಒಳಗ ಬ್ಯಾಡ. ಒಳಗಿಂದು ಒಳಗ ಇರೂದಾದ್ರ ಹಾಕ್ಕೊಳ್ಳಲಿ ಬಿಡು.” ಅಂದರೆ ಅವರಿಗೆ ಅಡ್ಡಿ ಇದ್ದದ್ದು ಬೀದಿಯ ಕೊಳೆ. ಹೊಸದಾಗಿ ಮಾಡಿ, ಹೊಸಿಲು ದಾಟಿಸದೆ ಇಟ್ಟರೆ ಅದು ಬೇರೆ. ಕಾಕಾನೂ ಒಪ್ಪಿದರು. ಅಮಾವಾಸ್ಯೆಗೆ ಮಗ್ಗದ ಪೂಜೆ ಮಾಡುವಾಗ ಮಾತ್ರ ಬಿಚ್ಚುತ್ತೇನೆ ಎಂದರು. ಪೂಜೆ ಎಷ್ಟು ಹೊತ್ತು, ಕೂತೇ ಮಾಡುತ್ತಾರೆ. ನಮಗೂ ಒಪ್ಪಿಗೆಯಾಯಿತು.

ಎರಡನೇ ಜೋಡಿ ಮಾಡುವ ಮೊದಲು ಕಾಕಾ ಕೆಲಸ ಮಾಡುವುದನ್ನು ಮಗನ ಮೊಬೈಲಿನಲ್ಲಿ ವಿಡಿಯೋ ಮಾಡಿಸಿಕೊಂಡೆ. ಮುಖ ಬೇಡ, ಮೊಬೈಲ್ ನೆಲದ ಹತ್ತಿರ ಇಟ್ಟು ಪಾದ ಮಾತ್ರ ತೆಗಿ ಎಂದೆ. ಪ್ಲಾಸ್ಟರ್ ಬಿಚ್ಚಿದ ಹೊಸತರಲ್ಲಿ, ಸ್ವಲ್ಪ ಹೊತ್ತಿನ ವಿಡಿಯೋ. ಅದರಲ್ಲಿ ಕಂಡದ್ದು ಯಾವ ಮ್ಯಾಟ್‌ನಲ್ಲೂ ಕಾಣುವಂಥದ್ದಲ್ಲ. ಎಳೆ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ. ಕಾಕಾ ಮುಂದಕ್ಕೆ ಬಾಗುತ್ತಾರೆ. ಕೈ ಎಟುಕುವುದಿಲ್ಲ. ಎಡಗಾಲು ಹಿಂದೆ ಹೋಗುತ್ತದೆ, ಬಲಗಾಲಿನ ಹಿಮ್ಮಡಿ ನಿಧಾನಕ್ಕೆ ಮೇಲೇಳುತ್ತದೆ. ಮೈಭಾರವೆಲ್ಲ ಬಲಗಾಲಿನ ತುದಿಯ ಮೇಲೆ, ಸರಿಯಾಗಿ ಆ ಹೆಬ್ಬೆರಳ ಬುಡದ ಮೇಲೆ. ಎಳೆ ಸಿಕ್ಕಿ ಗಂಟು ಬೀಳುವ ತನಕ ಹಾಗೇ. ಆಮೇಲೆ ಗಂಟಿನ ತುದಿ ಕತ್ತರಿಸಿ ಹಣಿಗೆಯಲ್ಲಿ ಪೋಣಿಸುವ ತನಕ ಇನ್ನೂ ಸ್ವಲ್ಪ ಹೊತ್ತು. ಇದು ದಿನಕ್ಕೆ ಎಷ್ಟೋ ಸಲ.

ನಾವು ಇನ್ಸೋಲ್ ಮಾಡುವುದು ನಡೆಯುವ ಪಾದಕ್ಕೆ. ತುದಿಗಾಲಲ್ಲಿ ನಿಂತ ಪಾದಕ್ಕೆ ದಿಂಡು ಏನೂ ಮಾಡುವುದಿಲ್ಲ, ಯಾಕೆಂದರೆ ಅದರ ಮೇಲೆ ಆಗ ಭಾರವೇ ಇರುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಆ ಭಂಗಿಯಲ್ಲಿ ಅದು ಕೈಲಾಗದ ವಸ್ತು. ಭಂಗಿಯನ್ನೇ ತಪ್ಪಿಸಬೇಕು. ಮಗ್ಗದ ಮುಂದೆ ಮರದ ಹಲಗೆ ಹಾಕಿಸಿದೆವು, ಸುಮಾರು 3 ಇಂಚು ಎತ್ತರ, ಅಡಿಗೆ ಜಾರದಂತೆ ರಬ್ಬರ್. ಹಲಗೆ ಚಿಕ್ಕದಾದರೆ ಸ್ಪರ್ಶ ಇಲ್ಲದ ಕಾಲು ಅಂಚು ಗೊತ್ತಾಗದೆ ಕೆಳಗೆ ಬೀಳಬಹುದು, ಅದಕ್ಕೆ ಮಗ್ಗದ ಪೂರ್ತಿ ಅಗಲಕ್ಕೆ ಹಾಕಿಸಿ ಅಂಚಿಗೆ ಹಳದಿ ಬಣ್ಣ ಬಳಿಸಿದೆವು. ಊರಿನ ಬಡಗಿಯೇ ಮಾಡಿಕೊಟ್ಟರು. ಈಗ ಬಾಗಿದರೆ ಹಿಮ್ಮಡಿ ನೆಲ ಬಿಡುವುದಿಲ್ಲ.

ಒಳಗಿನ ಸ್ಯಾಂಡಲ್ ಹೊರಗಿನದರ ಪ್ರತಿ ಅಲ್ಲ. ಅಡಿಯ ಬಾಗನ್ನು ಬಹಳ ಕಡಿಮೆ ಮಾಡಿದೆವು, ಹೆಚ್ಚು ಬಾಗಿದ್ದರೆ ನಿಂತವರು ತೂಗಾಡುತ್ತಾರೆ, ಯಂತ್ರದ ಪಕ್ಕ ಅದು ಬೇಡ. ಅಡಿಗೆ ಎಣ್ಣೆ ತಡೆಯುವ, ಜಾರದ ಪದರ. ಎಂಸಿಆರ್‌ಗೆ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ, ಅದಕ್ಕೆ ಅಂಚನ್ನು ಮುಚ್ಚಿದೆವು. ಒರೆಸಿ ತೊಳೆಯಲು ಬರುವ ಮೇಲುಪದರ. ಬೆರಳು ಮುಚ್ಚಿರುವಂತೆ ಮುಂದೆ ಹೊದಿಕೆ, ಲಾಳಿ ಅಥವಾ ಕಂಡಿಕೆ ಬಿದ್ದರೆ ಪೆಟ್ಟಾಗದಿರಲಿ ಎಂದು.

ಏನಾಯಿತು

ಒಂದು ವರ್ಷ ದಾಟಿದೆ. ಹೆಬ್ಬೆರಳ ಬುಡದ ಹುಣ್ಣು ಮರಳಿಲ್ಲ. ಜಡ್ಡು ಈಗಲೂ ಕಟ್ಟುತ್ತದೆ, ಆದರೆ ತೆಳುವಾಗಿ. ಒಂದೂವರೆ ತಿಂಗಳಿಗೊಮ್ಮೆ ಬಂದು ಕೆರೆಸಿಕೊಂಡು ಹೋಗುತ್ತಾರೆ. ಒಳಗಿನ ಜೋಡಿಯ ಎಂಸಿಆರ್ ಆರು ತಿಂಗಳಿಗೇ ಕುಸಿದಿತ್ತು, ಬೆರಳಿಂದ ಒತ್ತಿದರೆ ವಾಪಸ್ ಬರುತ್ತಿರಲಿಲ್ಲ. ಬದಲಿಸಿದೆವು. ಅದು ಕುಸಿದದ್ದು ನೋಡಿ ನನಗೆ ಖುಷಿಯಾಯಿತು, ಕೆಲಸ ಮಾಡಿದ ಗುರುತು ಅದು.

ಎಲ್ಲ ಸರಿಹೋಯಿತು ಎಂದಲ್ಲ. ಹೊಸ ಹೊದಿಕೆಯ ಹೊಲಿಗೆ ಕಿರುಬೆರಳಿಗೆ ಉಜ್ಜಿ ಗುಳ್ಳೆ ಬಂತು. ಕಾಕಾನಿಗೆ ಗೊತ್ತಾಗಲಿಲ್ಲ, ಕಾಕಿಗೆ ಗೊತ್ತಾಯಿತು. ಪ್ರತಿ ರಾತ್ರಿ ಅಂಗಾಲು, ಬೆರಳ ಸಂದಿ ನೋಡುವುದು, ಎರಡೂ ಪಾದದ ಒಂದೇ ಜಾಗಕ್ಕೆ ಕೈಯಿಟ್ಟು ಬಿಸಿ ವ್ಯತ್ಯಾಸ ಇದೆಯಾ ನೋಡುವುದು ಅವರ ಜವಾಬ್ದಾರಿ. ಥರ್ಮಾಮೀಟರ್ ಇದ್ದರೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಎರಡು ದಿನ ಒಂದೇ ಸಮ ಬಂದರೆ ನಿಲ್ಲುವುದು ಕಡಿಮೆ ಮಾಡಿ ತೋರಿಸಬೇಕು. ಕಾಕಿಯ ಕೈ ಅಷ್ಟು ನಿಖರ ಅಲ್ಲ, ಆದರೆ ದಿನಾ ನೋಡುವ ಕಣ್ಣು. ಗುಳ್ಳೆ ಕಂಡ ಮರುದಿನವೇ ಬಂದರು. ಹೊಲಿಗೆ ಬಿಚ್ಚಿ ಪಟ್ಟಿ ಸರಿಸಿದೆವು, ಮಾಯಿತು.

ಸಕ್ಕರೆ ಇಳಿದಿದೆ, ಇನ್ನೂ ಇಳಿಯಬೇಕು. ಮೀನಖಂಡ ಎಳೆಯುವ ವ್ಯಾಯಾಮ ಮಾಡುತ್ತೇನೆ ಎನ್ನುತ್ತಾರೆ, ಪಾದ ಮೇಲೆತ್ತಿ ನೋಡಿದರೆ ಅಷ್ಟಾಗಿ ಮಾಡುತ್ತಿಲ್ಲ ಎಂದು ಗೊತ್ತಾಗುತ್ತದೆ. ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಊರಿನವರ ಜೊತೆ ಬರಿಗಾಲಲ್ಲಿ ನಡೆದು ಹೋಗುವುದು ಅವರ ಹಳೆಯ ಹರಕೆ. ಈ ಸಲ ಅವರ ಬದಲು ಮಗ ನಡೆದ. ಕಾಕಾ ಬಸ್ಸಿನಲ್ಲಿ ಹೋಗಿ, ಸ್ಯಾಂಡಲ್ ಹಾಕಿಕೊಂಡೇ ಸರದಿಯಲ್ಲಿ ನಿಂತು, ಒಳಗೆ ಹೋಗುವಾಗ ಮಾತ್ರ ಬಿಚ್ಚಿದರು.

ಇದಾದ ಮೇಲೆ ನಮ್ಮ ಕ್ಲಿನಿಕ್‌ನಲ್ಲಿ ಕೆಲವು ಅಭ್ಯಾಸ ಬದಲಾಗಿವೆ. “ಹಾಕ್ಕೋತೀರಾ?” ಎಂಬ ಪ್ರಶ್ನೆಯನ್ನು ಬಿಟ್ಟಿದ್ದೇವೆ. ಎದ್ದಲ್ಲಿಂದ ಮಲಗುವ ತನಕ ಯಾವ ನೆಲದ ಮೇಲೆ ಎಷ್ಟು ಹೊತ್ತು ಎಂದು ಕೇಳುತ್ತೇವೆ, ಸಾಧ್ಯವಾದರೆ ಮನೆಯವರನ್ನು ಕೂರಿಸಿಕೊಂಡು. ಕೆಲಸದ ವಿಡಿಯೋ ತರಿಸುತ್ತೇವೆ, ಅಡುಗೆಯವರಾದರೆ ಒಲೆ ಮುಂದಿನದು, ಗಾರೆ ಕೆಲಸದವರಾದರೆ ಸಾರುವೆ ಮೇಲಿನದು. ಎರಡು ಜೋಡಿಗೆ ದುಡ್ಡಿಲ್ಲ ಎಂದರೆ ಒಳಗಿನ ಜೋಡಿಯನ್ನು ಮೊದಲು ಮಾಡಿಕೊಡುತ್ತೇವೆ. ಇದಕ್ಕೆ ಕೆಲವರು ಹುಬ್ಬೇರಿಸುತ್ತಾರೆ, ರಸ್ತೆಯಲ್ಲಿ ಕಲ್ಲು ಮುಳ್ಳು ಇಲ್ಲವಾ ಎಂದು. ಇದೆ, ಅದಕ್ಕೆ ಗಟ್ಟಿ ಅಡಿಯ, ಹಿಂಪಟ್ಟಿಯ, ಒಳಗೆ ಮೆತ್ತಗಿರುವ ಸಾದಾ ಸ್ಯಾಂಡಲ್ ಸದ್ಯಕ್ಕೆ ನಡೆಯುತ್ತದೆ. ಹತ್ತು ಗಂಟೆ ನಿಲ್ಲುವ ಕಡೆ ನಡೆಯುವುದಿಲ್ಲ. ಮತ್ತೆ ಪ್ರತಿ ಭೇಟಿಯಲ್ಲಿ ಪಾದ ನೋಡುವ ಮೊದಲು ಇನ್ಸೋಲ್ ಹೊರಗೆ ತೆಗೆದು ಬೆಳಕಿಗೆ ಹಿಡಿಯುತ್ತೇವೆ.

ಈಗ ನನ್ನ ಗಮನ ಕಾಕಾನ ಎಡಗಾಲಿನ ಮೇಲಿದೆ. ಎರಡು ಸಲ ಪ್ಲಾಸ್ಟರ್ ಹಾಕಿದಾಗ ಅದು ಜಾಸ್ತಿ ಭಾರ ಹೊತ್ತಿದೆ. ಕಳೆದ ಸಲದ ಶಾಯಿ ಗುರುತಿನಲ್ಲಿ ಎರಡನೇ ಬೆರಳ ಬುಡ ಕಪ್ಪಾಗುತ್ತಿರುವುದು ಕಂಡಿತು. ಮೇಲೆ ಜಡ್ಡು ಇನ್ನೂ ಇಲ್ಲ. ಮುಂದಿನ ಭೇಟಿಗೆ ಎಡಗಾಲಿನ ಹೊಸ ಅಚ್ಚು ತೆಗೆದು, ದಿಂಡನ್ನು ಎರಡನೇ ಬೆರಳಿಗೆ ತಕ್ಕಂತೆ ಮತ್ತೆ ಕೂರಿಸಬೇಕು. ಬರುವಾಗ ವಿಡಿಯೋ ಮತ್ತೊಮ್ಮೆ ಮಾಡಿ ತರಲು ಮಗನಿಗೆ ಹೇಳಿದ್ದೇನೆ, ಈ ಸಲ ಎಡಗಡೆಯಿಂದ.